ಹಿತ್ತಿಲಿನಲ್ಲಿ ಮರದ ಶೆಡ್: ಕಾರಿಗೂ ಮರಗೆಲಸಕ್ಕೂ ಒಂದೇ ಮಾಡು

ಪ್ರಶ್ನೆ: ತೀರ್ಥಹಳ್ಳಿ ಹತ್ತಿರ ನಮ್ಮ ಮನೆ. ಹಿತ್ತಿಲಿನಲ್ಲಿ 20 ಅಡಿ ಉದ್ದ, 12 ಅಡಿ ಅಗಲದ ಮರದ ಶೆಡ್ ಕಟ್ಟಿಸಿ, ಒಳಗೆ ಕಾರು ನಿಲ್ಲಿಸಿ, ಉಳಿದ ಜಾಗದಲ್ಲಿ ಬೆಂಚು ಮತ್ತು 2 ಎಚ್‌ಪಿಯ ಟೇಬಲ್ ಸಾ (ಮೇಜಿಗೆ ಜೋಡಿಸಿದ ಗರಗಸ) ಇಟ್ಟುಕೊಂಡು ಮರಗೆಲಸ ಮಾಡಬೇಕೆಂಬ ಆಸೆ. ತೋಟದಲ್ಲಿ ಹಲಸು, ಅಕೇಶಿಯಾ, ಸಿಲ್ವರ್ ಓಕ್ ಇವೆ. ಕಂಬಗಳನ್ನು ಎರಡಡಿ ಹುಗಿದು ಕಾಂಕ್ರೀಟ್ ಹಾಕಿದರೆ ಗಟ್ಟಿ ಎನ್ನುತ್ತಾರೆ ಇಲ್ಲಿಯವರು. ಗೆದ್ದಲಿನದೇ ಭಯ. ಯಾವ ಮರ, ಎಷ್ಟು ಬೇಕು, ಯಾವಾಗ ಶುರು ಮಾಡಲಿ?

ಉತ್ತರ: ಕಂಬ ಹುಗಿಯಬೇಡಿ. ಉಳಿದದ್ದೆಲ್ಲ ನಿಧಾನವಾಗಿ ಮಾತಾಡೋಣ, ಇದೊಂದನ್ನು ಮಾತ್ರ ಮೊದಲೇ ತೀರ್ಮಾನಿಸಿಬಿಡಿ. ಹಸಿ ಮರವಾಗಲಿ ಒಣಗಿದ ಮರವಾಗಲಿ, ಬೇಸಿಗೆಯಲ್ಲಿ ಒಂದಿಷ್ಟು ಕುಗ್ಗಿಯೇ ಕುಗ್ಗುತ್ತದೆ. ಆಗ ಕಾಂಕ್ರೀಟಿಗೂ ಕಂಬಕ್ಕೂ ನಡುವೆ ಕೂದಲೆಳೆಯಷ್ಟು ಸಂದು ಬೀಳುತ್ತದೆ. ಜೂನ್‌ನಲ್ಲಿ ಕಂಬದ ಮೈಮೇಲೆ ಇಳಿದ ನೀರೆಲ್ಲ ಆ ಸಂದಿಗೆ ಸೇರುತ್ತದೆ. ಅಲ್ಲಿಂದ ಹೊರಗೆ ಹೋಗಲು ದಾರಿಯಿಲ್ಲ. ಕಂಬದ ಬುಡ ನಾಲ್ಕು ತಿಂಗಳು ನೀರಿನ ಬಟ್ಟಲಲ್ಲಿ ನಿಂತ ಹಾಗೆ. ಕತ್ತರಿಸಿದ ತುದಿ ನೀರನ್ನು ಅತಿ ವೇಗವಾಗಿ ಹೀರುವ ಭಾಗವಾದ್ದರಿಂದ ಕೊಳೆ ಅಲ್ಲಿಂದಲೇ ಹತ್ತುತ್ತದೆ. ಗೆದ್ದಲು ಅದೇ ಸಂದಿಯಿಂದ, ನಿಮ್ಮ ಕಣ್ಣಿಗೆ ಬೀಳದೆ, ಕಂಬದ ಒಳಗೆ ಏರುತ್ತದೆ. ತೇಗದ ಗಟ್ಟಿ ಒಳತಿರುಳಾದ ಚೇಗಾದರೂ ಈ ಜಾಗದಲ್ಲಿ ಬಹಳ ಕಾಲ ತಾಳುವುದಿಲ್ಲ. ಮರದ ಕಟ್ಟಡದ ಆಯುಸ್ಸು ಕಂಬದ ಕೊನೆಯ ಆರು ಇಂಚಿನಲ್ಲಿದೆ. ದುಬಾರಿ ಮರ, ದುಬಾರಿ ಔಷಧ ಎರಡೂ ಆ ಆರು ಇಂಚನ್ನು ಒಣಗಿಸಿ ಇಡುವುದಕ್ಕೆ ಬದಲಿಯಾಗಲಾರವು.

ಇನ್ನು ಅಳತೆ. ನೀವು ಹೇಳಿದ 20x12 ಒಳಗೆ ಕಾರೂ ಕೆಲಸವೂ ಕೂರುವುದಿಲ್ಲ. ನಾಲ್ಕು ಮೀಟರ್ ಒಳಗಿನ ಸಣ್ಣ ಕಾರು ಎಂದರೂ ಹದಿಮೂರು ಅಡಿ ಉದ್ದ, ಐದೂಮುಕ್ಕಾಲು ಅಡಿ ಅಗಲ. ಎರಡು ಬಾಗಿಲು ತೆರೆದು ಇಳಿಯಲು ಒಂಬತ್ತೂವರೆ ಅಡಿ ಅಗಲ ಬೇಕು. ಮಿಕ್ಕಿದ್ದು ಹಿಂದೆ ಏಳಡಿ ಮಾತ್ರ. 8x4 ಅಡಿಯ ಪ್ಲೈವುಡ್ ಹಾಳೆಯನ್ನು ಟೇಬಲ್ ಸಾದಲ್ಲಿ ಉದ್ದಕ್ಕೆ ಸೀಳಬೇಕಾದರೆ ಬ್ಲೇಡಿನ ಮುಂದೆ ಎಂಟಡಿ, ಹಿಂದೆ ಎಂಟಡಿ, ನೀವು ನಿಲ್ಲಲು ಎರಡಡಿ. ಅಂದರೆ ಒಂದೇ ದಿಕ್ಕಿನಲ್ಲಿ ಹದಿನೆಂಟು ಅಡಿ ಖಾಲಿ ಇರಬೇಕು. ಮರಗೆಲಸದ ಶೆಡ್ಡಿನ ನಕ್ಷೆ ಶುರುವಾಗಬೇಕಾದದ್ದು ಈ ಲೆಕ್ಕದಿಂದ. ಗೋಡೆ ಆಮೇಲೆ.

ಮರದ ಸಿಪ್ಪೆ, ಗರಗಸದ ಪುಡಿ, ಮೋಟಾರಿನ ಕಿಡಿ ಇರುವ ಮುಚ್ಚಿದ ಕೋಣೆಯಲ್ಲಿ ಪೆಟ್ರೋಲ್ ಟ್ಯಾಂಕ್ ತುಂಬಿದ ವಾಹನ ನಿಲ್ಲಿಸುವುದೂ ಒಳ್ಳೆಯದಲ್ಲ. ಪೆಟ್ರೋಲಿನ ಆವಿ ಗಾಳಿಗಿಂತ ಭಾರ, ನೆಲಮಟ್ಟದಲ್ಲೇ ಹರಡಿಕೊಳ್ಳುತ್ತದೆ. ಕಾರಿಗೆ ನಿಜಕ್ಕೂ ಬೇಕಾದದ್ದು ಮಾಡು, ಗೋಡೆಯಲ್ಲ. ಹಾಗಾಗಿ ನಮ್ಮ ಸಲಹೆ ಹೀಗಿದೆ: 12 ಅಡಿ ಅಗಲ, 35 ಅಡಿ ಉದ್ದದ ಒಂದೇ ಮಾಡು, ಐದೈದು ಅಡಿಯ ಏಳು ಅಂಕಣ. ಹಿಂದಿನ ನಾಲ್ಕು ಅಂಕಣ, ಅಂದರೆ 20 ಅಡಿ, ಮುಚ್ಚಿದ ಕೆಲಸದ ಕೋಣೆ. ಮುಂದಿನ ಮೂರು ಅಂಕಣ, 15 ಅಡಿ, ಮೂರು ಕಡೆ ತೆರೆದ ಕಾರಿನ ಚಾವಡಿ. ಎರಡರ ನಡುವಿನ ಗೋಡೆಯಲ್ಲಿ ಎಂಟಡಿ ಅಗಲದ ಮಡಿಚುವ ಬಾಗಿಲು. ಕಾರು ಹೊರಗೆ ತೆಗೆದು ಬಾಗಿಲು ಮಡಿಚಿದರೆ ನೆರಳಿನಲ್ಲಿ 35 ಅಡಿ ಉದ್ದ ಸಿಗುತ್ತದೆ. ಹದಿನಾರು ಅಡಿಯ ತೊಲೆಯನ್ನೂ ಸೀಳಬಹುದು. ಪಾಲಿಶ್ ಹೊಡೆಯುವ ಕೆಲಸವೂ ಚಾವಡಿಯಲ್ಲೇ ಆಗುತ್ತದೆ.

ದಿಕ್ಕು ತಪ್ಪಿಸಬೇಡಿ. ನಿಮ್ಮಲ್ಲಿ ಮುಂಗಾರಿನ ಎರಚಲು ಬರುವುದು ಪಶ್ಚಿಮ ಮತ್ತು ನೈಋತ್ಯದಿಂದ. ಮುಚ್ಚಿದ ಹಿಂಗೋಡೆ ಆ ಕಡೆಗೆ, ಕಾರಿನ ತೆರೆದ ಬಾಯಿ ಪೂರ್ವಕ್ಕೆ ಅಥವಾ ಈಶಾನ್ಯಕ್ಕೆ. ಹಿತ್ತಿಲು ಇಳಿಜಾರಾಗಿದ್ದರೆ ಚಾವಡಿಯನ್ನು ಮೇಲಿನ ಕಡೆ, ಕೆಲಸದ ಕೋಣೆಯನ್ನು ಕೆಳಗಿನ ಕಡೆ ಮಾಡಿ. ಆಗ ಕೋಣೆಯ ಪಾಯ ಹೊರಗಿನಿಂದ ಎತ್ತರವಾಗಿಯೂ ಒಳಗಿನ ನೆಲ ಎರಡಕ್ಕೂ ಹೆಚ್ಚುಕಡಿಮೆ ಒಂದೇ ಮಟ್ಟವಾಗಿಯೂ ಬರುತ್ತದೆ. ಆದರೆ ಮೇಲಿನಿಂದ ಹರಿದು ಬರುವ ನೀರನ್ನು ತಡೆದು ಪಕ್ಕಕ್ಕೆ ಸಾಗಿಸಲು ಚಾವಡಿಯ ಮುಂದೆ ಒಂದಡಿ ಅಗಲ, ಒಂದಡಿ ಆಳದ ಕಾಲುವೆ ಕಡ್ಡಾಯ. ಸಮತಟ್ಟಾದ ಜಾಗವಾದರೆ ಚಾವಡಿಯ ನೆಲ ಹೊರಗಿನ ನೆಲಕ್ಕಿಂತ ಆರು ಇಂಚು, ಕೋಣೆಯ ನೆಲ ಹದಿನೆಂಟು ಇಂಚು ಎತ್ತರವಿರಲಿ; ನಡುವಿನ ಒಂದಡಿ ಮೆಟ್ಟಿಲಿಗೆ ಯಂತ್ರ ಸಾಗಿಸಲು ಎರಡು ದಪ್ಪ ಹಲಗೆ ಇಟ್ಟುಕೊಂಡರೆ ಸಾಕು.

ಹದಿನೆಂಟು ಇಂಚು ಯಾಕೆ? ಸೂರಿನಿಂದ ಬಿದ್ದ ನೀರು ನೆಲಕ್ಕೆ ಬಡಿದು ಒಂದಡಿಗಿಂತ ಮೇಲಕ್ಕೆ ಸಿಡಿಯುತ್ತದೆ. ಹಳೆಯ ಮನೆಗಳ ಗೋಡೆಯ ಬುಡದಲ್ಲಿ ಕೆಂಪು ಪಟ್ಟಿ ಎಷ್ಟೆತ್ತರಕ್ಕೆ ನಿಂತಿದೆ ಎಂದು ನೋಡಿದರೆ ನಿಮ್ಮ ಊರಿನ ಲೆಕ್ಕ ನಿಮಗೇ ಸಿಗುತ್ತದೆ. ಮರ ಆ ಪಟ್ಟಿಗಿಂತ ಮೇಲೆ ಶುರುವಾಗಬೇಕು.

ಪಾಯಕ್ಕೆ ಎರಡಡಿ ಅಗಲ, ಎರಡಡಿ ಆಳದ ಕಾಲುವೆ ತೋಡಿ ಸೈಜುಗಲ್ಲು, ಅದರ ಮೇಲೆ ಜಂಬಿಟ್ಟಿಗೆ ಕಟ್ಟಿಸಿ. ಮೇಲೆ ಆರು ಇಂಚು ದಪ್ಪದ ಕಾಂಕ್ರೀಟ್ ಪಟ್ಟಿ ಓಡಲಿ: 10 ಮಿ.ಮೀ. ಕಬ್ಬಿಣ ನಾಲ್ಕು, 8 ಮಿ.ಮೀ. ರಿಂಗು ಆರಾರು ಇಂಚಿಗೆ. ಚಾವಡಿಯ ಕಂಬಗಳಿಗೆ ಬಿಡಿ ಬಿಡಿ ಪೀಠ, 15 ಇಂಚು ಚೌಕ, ಮೇಲ್ಮೈ ಕೋಣೆಯ ಪಾಯದ ಮಟ್ಟಕ್ಕೇ. ಕಾರು ತಾಗಿದರೂ ತಾಗುವುದು ಕಲ್ಲಿಗೆ.

ಕಾಂಕ್ರೀಟ್ ಪಟ್ಟಿ ಹಸಿಯಿರುವಾಗಲೇ ಪ್ರತಿ ಕಂಬದ ಜಾಗದಲ್ಲಿ ಕಬ್ಬಿಣದ ಪಾದ ಕೂರಿಸಬೇಕು. ಇದನ್ನು ವೆಲ್ಡಿಂಗ್ ಅಂಗಡಿಯಲ್ಲಿ ಮಾಡಿಸಿ: 6 ಮಿ.ಮೀ. ತಟ್ಟೆಯಿಂದ U ಆಕಾರದ ಜೋಡು ಕಿವಿ, ಕಿವಿಯ ಎತ್ತರ ಆರು ಇಂಚು, ಕೆಳಗೆ 16 ಮಿ.ಮೀ. ಸರಳು ಒಂದಡಿ ಉದ್ದ, ತುದಿ ಬಗ್ಗಿಸಿದ್ದು. ಬೆಸುಗೆಯೆಲ್ಲ ಮುಗಿದ ಮೇಲೆ ಗ್ಯಾಲ್ವನೈಸ್ ಮಾಡಿಸಿ. ಆಗದಿದ್ದರೆ ಜಿಂಕ್ ಪ್ರೈಮರ್ ಎರಡು ಕೈ. U ತಟ್ಟೆಯ ತಳ ಕಾಂಕ್ರೀಟಿಗಿಂತ ಒಂದೂವರೆ ಇಂಚು ಮೇಲಿರಬೇಕು, ತಳದ ನಡುವೆ ನೀರು ಇಳಿಯಲು 12 ಮಿ.ಮೀ. ತೂತು ಇರಬೇಕು. ಕಂಬದ ಕತ್ತರಿಸಿದ ತುದಿಗೆ ಎಪಾಕ್ಸಿ ಅಥವಾ ದಪ್ಪ ಬಿಟುಮೆನ್ ಹಚ್ಚಿ ಕೂರಿಸಿ, 12 ಮಿ.ಮೀ. ಬೋಲ್ಟು ಎರಡು ಹಾಕಿ ಬಿಗಿಸಿ. ಈ ಒಂದೂವರೆ ಇಂಚಿನ ಗಾಳಿಯ ಜಾಗವನ್ನು ಕೆಲಸಗಾರರು ಸಿಮೆಂಟಿನಿಂದ ಮುಚ್ಚಿ ಚೆಂದ ಮಾಡಲು ಬರುತ್ತಾರೆ. ಬಿಡಬೇಡಿ.

ಗೆದ್ದಲಿನ ಮಾತು. ಮಣ್ಣಿನ ಗೆದ್ದಲು ಬೆಳಕಿಗೆ ಬರುವುದಿಲ್ಲ. ಮಣ್ಣಿನಿಂದ ಮರದ ತನಕ ತನ್ನದೇ ಸುರಂಗ ಕಟ್ಟಿಕೊಂಡು ಬರುತ್ತದೆ. ಅದನ್ನು ಸಂಪೂರ್ಣ ತಡೆಯುವುದು ಕಷ್ಟ, ಆದರೆ ನಮ್ಮ ಕಣ್ಣೆದುರಿಗೇ ಸುರಂಗ ಕಟ್ಟುವ ಹಾಗೆ ಮಾಡುವುದು ಸುಲಭ. ಕಾಂಕ್ರೀಟ್ ಪಟ್ಟಿಯ ಮೇಲೆ ಉದ್ದಕ್ಕೂ 0.5 ಮಿ.ಮೀ. ಗ್ಯಾಲ್ವನೈಸ್ ತಗಡು ಹಾಸಿ, ಎರಡೂ ಅಂಚಿನಲ್ಲಿ ಎರಡಿಂಚು ಹೊರಗೆ ಚಾಚಿ 45 ಡಿಗ್ರಿ ಕೆಳಕ್ಕೆ ಬಗ್ಗಿಸಿ. ಜೋಡಣೆಗಳನ್ನು ಮಡಿಚಿ ಒತ್ತಿ. ಪಾದದ ಸರಳು ತಗಡು ತೂರುವ ಜಾಗಕ್ಕೆ ಬಿಟುಮೆನ್ ತುಂಬಿ. ಇನ್ನು ಗೆದ್ದಲು ಏರಬೇಕಾದರೆ ತಗಡಿನ ಅಂಚು ಸುತ್ತಿ ಬರಬೇಕು, ಆಗ ಕಾಣುತ್ತದೆ. ಒಳಗಿನ ಅಂಚಿನಲ್ಲಿ ನೆಲದ ಕಾಂಕ್ರೀಟಿಗೂ ಪಟ್ಟಿಗೂ ನಡುವಿನ ಸಂದಿಗೆ ಟಾರ್ ಸುರಿದು ಮುಚ್ಚಿ; ಇದನ್ನು ಮರೆಯುವವರೇ ಹೆಚ್ಚು, ಗೆದ್ದಲು ಬರುವುದೂ ಹೆಚ್ಚಾಗಿ ಅಲ್ಲಿಂದಲೇ.

ಮಣ್ಣಿಗೆ ಔಷಧ ಹಾಕಿಸುವುದಾದರೆ ನೆಲದ ಕಾಂಕ್ರೀಟ್ ಹಾಕುವ ಹಿಂದಿನ ದಿನ, ಮಳೆ ಇಲ್ಲದಾಗ. ಇಮಿಡಾಕ್ಲೋಪ್ರಿಡ್ 30.5 ಎಸ್‌ಸಿ ಲೀಟರ್ ನೀರಿಗೆ 2.1 ಮಿ.ಲೀ., ಚದರ ಮೀಟರಿಗೆ ಐದು ಲೀಟರ್ ದ್ರಾವಣ. ನಿಮ್ಮ ಕೋಣೆ 22 ಚದರ ಮೀಟರ್, ಅಂದರೆ 110 ಲೀಟರ್ ದ್ರಾವಣ, 230 ಮಿ.ಲೀ. ಔಷಧ. ಪಾಯದ ಗೋಡೆಯ ಬದಿಗೆ ಮಣ್ಣು ತುಂಬುವಾಗ ಗೋಡೆಯ ಚದರ ಮೀಟರಿಗೆ ಏಳೂವರೆ ಲೀಟರ್. ಬಾವಿ ಹತ್ತಿರದಲ್ಲಿದ್ದು ಶೆಡ್ಡು ಅದಕ್ಕಿಂತ ಮೇಲಿನ ಜಾಗದಲ್ಲಿದ್ದರೆ ಮಾತ್ರ ಔಷಧದ ಗೊಡವೆಯೇ ಬೇಡ. ತಗಡು, ಎತ್ತರದ ಪಾಯ, ವರ್ಷಕ್ಕೆರಡು ಸಲ ಕಣ್ಣಾಡಿಸುವುದು, ಇಷ್ಟರಲ್ಲೇ ನಿಭಾಯಿಸಿ.

ನೆಲಕ್ಕೆ ಆರು ಇಂಚು ಜಲ್ಲಿ ಹಾಸಿ ದಿಮ್ಮಸು ಹೊಡೆದು, ಮೇಲೆ 250 ಮೈಕ್ರಾನ್ ಪ್ಲಾಸ್ಟಿಕ್ ಹಾಳೆ, ಅದರ ಮೇಲೆ ನಾಲ್ಕು ಇಂಚು 1:2:4 ಕಾಂಕ್ರೀಟ್. 20x12ಕ್ಕೆ ಸಿಮೆಂಟ್ 15 ಚೀಲ, ಮರಳು 35 ಘನ ಅಡಿ, 20 ಮಿ.ಮೀ. ಜಲ್ಲಿ 70 ಘನ ಅಡಿ. ಕಾಂಕ್ರೀಟ್ ಹಾಕುವ ಮೊದಲು ಟೇಬಲ್ ಸಾ ನಿಲ್ಲುವ ಜಾಗಕ್ಕೆ ಗೋಡೆಯಿಂದ ಒಂದಿಂಚಿನ ಕರೆಂಟ್ ಪೈಪು, ನಾಲ್ಕಿಂಚಿನ ಪಿವಿಸಿ ಪೈಪು ಎರಡನ್ನೂ ನೆಲದೊಳಗೆ ಎಳೆದಿಡಿ. ನಾಲ್ಕಿಂಚಿನದು ಮುಂದೆ ಪುಡಿ ಎಳೆಯುವ ಯಂತ್ರ ತಂದರೆ ಅದಕ್ಕೆ. ಕೋಣೆಯ ನಡುವೆ ನೆಲದ ಮೇಲೆ ವೈರು ಬಿದ್ದಿರುವ ಕಾರ್ಯಾಗಾರದಲ್ಲಿ ಹಲಗೆ ಹಿಡಿದು ಎಡವುವುದು ಗರಗಸದ ಮೇಲಕ್ಕೇ.

ಈಗ ಮರ. ನಿಮ್ಮ ಹಲಸು ಚಿನ್ನ. ವಯಸ್ಸಾದ ಹಲಸಿನ ಹಳದಿ ಚೇಗು ಗೆದ್ದಲಿಗೂ ಕೊಳೆಗೂ ಚೆನ್ನಾಗಿ ತಡೆಯುತ್ತದೆ. ಕಂಬಕ್ಕೆ, ದಾರಂದಕ್ಕೆ, ಕೆಳಗಿನ ಪಟ್ಟಿಗೆ ಅದನ್ನೇ ಬಳಸಿ. ಹೊರಗಿನ ಬಿಳಿ ಪದರ ಯಾವ ಮರದ್ದಾದರೂ ಗೆದ್ದಲಿಗೆ ಊಟ, ಅದನ್ನು ಸಾಮಿಲ್ಲಿನಲ್ಲೇ ತೆಗೆಸಿ. ಕಂಬದ ಒಂದು ಮೂಲೆಯಲ್ಲಿ ಬಿಳಿ ಉಳಿದಿದ್ದರೂ ಹುಳು ಅಲ್ಲಿಂದ ಶುರು ಮಾಡುತ್ತದೆ. ಹಲಸು ಸಾಲದಿದ್ದರೆ ಮತ್ತಿ, ಹೊನ್ನೆ, ನಂದಿ ಕೊಳ್ಳಿ. ತೊಲೆಗೆ ಮತ್ತಿ ಬಲವಾದ ಮರ, ಆದರೆ ಒಣಗುವಾಗ ತುದಿ ಸೀಳುತ್ತದೆ, ತೂತು ಕೊರೆಯದೆ ಮೊಳೆ ಹೊಡೆದರೆ ಮೊಳೆಯೇ ಬಗ್ಗುತ್ತದೆ. ಅಕೇಶಿಯಾದ ಕಂದು ಚೇಗು ಗೋಡೆಯ ಹಲಗೆಗೆ, ಹೆಂಚು ಕೂರುವ ರೀಪಿಗೆ ಸಾಕು; ತಿರುಚಿಕೊಳ್ಳುವ ಬುದ್ಧಿ ಇರುವುದರಿಂದ ಕಂಬಕ್ಕೆ ಬೇಡ. ಸಿಲ್ವರ್ ಓಕ್ ಹೊರಗಿನ ಕೆಲಸಕ್ಕೆ ಬೇಡವೇ ಬೇಡ, ಬೆಂಚಿನ ಕಪಾಟಿಗೆ, ಅರೆಗಳಿಗೆ ಇಟ್ಟುಕೊಳ್ಳಿ. ಅಡಿಕೆ ದಬ್ಬೆಯನ್ನು ರೀಪಾಗಿ ಹಾಕುವ ರೂಢಿ ಇದೆ. ಹೆಂಚಿನ ಭಾರಕ್ಕೆ ಕೆಲವೇ ವರ್ಷದಲ್ಲಿ ಜಗ್ಗುತ್ತದೆ.

ಮರ ಕಡಿಯುವ ಮುಂಚೆ ಅರಣ್ಯ ಇಲಾಖೆಯ ವಲಯ ಕಚೇರಿಯಲ್ಲಿ ಕೇಳಿಕೊಳ್ಳಿ. ಸ್ವಂತ ಜಾಗದ ಮರವಾದರೂ ಕಡಿಯಲು, ಸಾಮಿಲ್ಲಿಗೆ ಸಾಗಿಸಲು ಜಾತಿಗೆ ತಕ್ಕಂತೆ ಅನುಮತಿ ಬೇಕಾಗುತ್ತದೆ. ಕೊಂಡ ಮರಕ್ಕೆ ಬಿಲ್ಲು ಇಟ್ಟುಕೊಳ್ಳಿ. ಕಟ್ಟಡಕ್ಕೆ ಗ್ರಾಮ ಪಂಚಾಯಿತಿಯ ಪರವಾನಗಿ ಮತ್ತು ಗಡಿಯಿಂದ ಬಿಡಬೇಕಾದ ಜಾಗ ಎರಡನ್ನೂ ಪಾಯ ತೋಡುವ ಮೊದಲು ಖಾತ್ರಿ ಮಾಡಿಕೊಳ್ಳಿ. ಮರದ್ದೆಂದು ವಿನಾಯಿತಿ ಇದೆ ಅಂದುಕೊಳ್ಳಬೇಡಿ.

ಮರದ ಲೆಕ್ಕ ಹೀಗೆ ಬರುತ್ತದೆ. ಕಂಬ 4x4 ಇಂಚು, ಎಂಟೂವರೆ ಅಡಿ, ಒಟ್ಟು 20: ಎರಡು ಉದ್ದ ಬದಿಗೆ ಎಂಟೆಂಟು, ಹಿಂಗೋಡೆಯ ನಡುವೆ ಎರಡು, ದೊಡ್ಡ ಬಾಗಿಲಿನ ಪಕ್ಕ ಎರಡು. ಇವು 19 ಘನ ಅಡಿ. ಕಂಬದ ತಲೆಯ ಮೇಲೆ ಓಡುವ 4x4 ಪಟ್ಟಿ, ಎರಡೂ ಕಡೆ ಸೇರಿ 82 ಅಡಿ, 9 ಘನ ಅಡಿ. ಅಡ್ಡತೊಲೆ 3x5, ಹನ್ನೆರಡು ಅಡಿಯವು ಎಂಟು, 10 ಘನ ಅಡಿ. ಕತ್ತರಿಯ (ಮಾಡನ್ನು ಹೊರುವ ತ್ರಿಕೋನ ಚೌಕಟ್ಟಿನ) ಓರೆ ತೊಲೆಗಳು 3x4, ಏಳಡಿಯವು ಹದಿನಾರು, 9 ಘನ ಅಡಿ. ನಡುಗಂಬ ಮತ್ತು ನೆತ್ತಿಯ ತೊಲೆ ಸೇರಿ ಐದೂವರೆ. ನೆತ್ತಿಯಿಂದ ಸೂರಿಗೆ ಇಳಿಯುವ ಪಕಾಸು 2x4, ಹತ್ತೂವರೆ ಅಡಿಯವು 44, 26 ಘನ ಅಡಿ. ಮಾಡಿನಲ್ಲಿ ಅತಿ ಹೆಚ್ಚು ಮರ ಹೋಗುವುದು ಇಲ್ಲೇ. ರೀಪು 2x1, ಒಟ್ಟು 900 ಅಡಿ, ಹನ್ನೆರಡೂವರೆ. ಮೂಲೆಗಳ ಓರೆ ಆಸರೆಗೆ 3x3, ಮೂರಡಿಯವು 30, ಆರು ಘನ ಅಡಿ. ಗೋಡೆಯ ಅಡ್ಡಪಟ್ಟಿ ಎಂಟು, ಮುಕ್ಕಾಲು ಇಂಚಿನ ಹಲಗೆ 32. ಕೂಡಿಸಿದರೆ 137, ಹತ್ತು ಪ್ರತಿಶತ ಹಾಳು ಹಿಡಿದು 150 ಘನ ಅಡಿ. ಇದನ್ನು ನಿಮ್ಮೂರಿನ ಸಾಮಿಲ್ಲಿನ ದರಕ್ಕೆ ಗುಣಿಸಿಕೊಳ್ಳಿ, ಸಿಗುವ ಮೊತ್ತ ನೋಡಿ ಬೇಕಿದ್ದರೆ ಅಂಕಣ ಕಡಿಮೆ ಮಾಡಿ. ಮರದ ಗಾತ್ರ ಕಡಿಮೆ ಮಾಡಬೇಡಿ.

ಕತ್ತರಿ ಕಟ್ಟುವಾಗ ಒಂದು ತಪ್ಪು ಪದೇ ಪದೇ ಆಗುತ್ತದೆ. ಅಡ್ಡತೊಲೆಯ ನಡುವೆ ನಡುಗಂಬ ನಿಲ್ಲಿಸಿ, ಅದರ ತಲೆಯ ಮೇಲೆ ನೆತ್ತಿಯ ತೊಲೆ ಇಟ್ಟುಬಿಡುತ್ತಾರೆ. ಆಗ ಮಾಡಿನ ಅರ್ಧ ಭಾರ ಅಡ್ಡತೊಲೆಯ ಹೊಟ್ಟೆಯ ಮೇಲೆ ಬೀಳುತ್ತದೆ; 3x5 ತೊಲೆ ಹನ್ನೆರಡಡಿಯಲ್ಲಿ ಮುಕ್ಕಾಲು ಇಂಚಿನಷ್ಟು ಜಗ್ಗಿ, ನೆತ್ತಿ ಅಲೆಯಾಗಿ, ಹೆಂಚಿನ ಸಾಲು ಬಾಯಿಬಿಡುತ್ತದೆ. ಸರಿಯಾದ ಕ್ರಮದಲ್ಲಿ ಓರೆ ತೊಲೆಗಳೆರಡು ಮೇಲೆ ನಡುಗಂಬದ ತಲೆಗೆ ಒತ್ತಿ ನಿಲ್ಲಬೇಕು, ಕೆಳಗೆ ಅಡ್ಡತೊಲೆಯ ತುದಿಗೆ ಕಚ್ಚಿ ಕೂರಬೇಕು. ನಡುಗಂಬ ಕೆಳಗಿನ ಅಡ್ಡತೊಲೆಯನ್ನು ಎತ್ತಿ ಹಿಡಿದಿರಬೇಕು. ಹಿಡಿಯಲು 40 ಮಿ.ಮೀ. ಅಗಲದ ಕಬ್ಬಿಣದ ಪಟ್ಟಿ ಅಡಿಯಿಂದ ಸುತ್ತಿ ಬೋಲ್ಟು ಹಾಕಿ. ನಿಮ್ಮ ಆಚಾರರು ನಡುಗಂಬ ನಿಲ್ಲಿಸುವ ಪದ್ಧತಿಯನ್ನೇ ಬಯಸಿದರೆ ಅಡ್ಡತೊಲೆ 4x6 ಆಗಬೇಕು, ಅದಕ್ಕಿಂತ ಸಣ್ಣದು ನಡೆಯದು.

ಪ್ರತಿ ಕಂಬದ ತಲೆಯಲ್ಲಿ ಎರಡೂ ದಿಕ್ಕಿಗೆ ಓರೆ ಆಸರೆ ಬೇಕು. ಚಾವಡಿಯಲ್ಲಿ ಗೋಡೆ ಇಲ್ಲದ್ದರಿಂದ ಗಾಳಿಗೆ ಚೌಕಟ್ಟು ವಾಲದಂತೆ ಹಿಡಿಯುವುದು ಇವು ಮಾತ್ರ. ಗಾಳಿ ಕೆಳಗಿನಿಂದ ಮಾಡನ್ನು ಎತ್ತುವುದೂ ಅಲ್ಲೇ. ಕತ್ತರಿಯನ್ನು ಕಂಬಕ್ಕೆ 3 ಮಿ.ಮೀ. ಕಬ್ಬಿಣದ ಪಟ್ಟಿಯಿಂದ ಬಿಗಿಸಿ, ಮೊಳೆ ಮಾತ್ರ ನಂಬಬೇಡಿ. ಮತ್ತಿ, ಹೊನ್ನೆಗಳ ಒಗರು ಕಬ್ಬಿಣವನ್ನು ತಿಂದು ಕಪ್ಪು ಕಲೆ ಮಾಡುತ್ತದೆ, ಹಾಗಾಗಿ ಬೋಲ್ಟು ಮೊಳೆಗಳೆಲ್ಲ ಗ್ಯಾಲ್ವನೈಸ್ ಆದವೇ ಇರಲಿ.

ಹೊದಿಕೆಗೆ ಮಂಗಳೂರು ಹೆಂಚೇ ಮೇಲು. ಇಳಿಜಾರು 30 ಡಿಗ್ರಿ. ಹನ್ನೆರಡಡಿ ಅಗಲಕ್ಕೆ ನೆತ್ತಿ ಮೂರೂವರೆ ಅಡಿ ಏರುತ್ತದೆ. ಉದ್ದ ಬದಿಗಳಲ್ಲಿ ಸೂರು ಮೂರಡಿ ಚಾಚಲಿ, ಮುಂದೆ ಹಿಂದೆಯೂ ಮೂರಡಿ. ಚದರ ಮೀಟರಿಗೆ ಹದಿನೈದು ಹೆಂಚು ಹಿಡಿದರೆ 79 ಚದರ ಮೀಟರಿಗೆ ಒಡೆಯುವುದೂ ಸೇರಿ 1,250, ಜೊತೆಗೆ ನೆತ್ತಿಗೆ 40 ಮುಡಿ ಹೆಂಚು. ಒಂದು ಹೆಂಚು ಎರಡೂವರೆ ಕೆ.ಜಿ. ಎಂದರೂ ಮೂರು ಟನ್, ಮಳೆಯಲ್ಲಿ ನೆನೆದಾಗ ಇನ್ನೂ ಹೆಚ್ಚು. ರೀಪಿನ ಅಂತರವನ್ನು ಪುಸ್ತಕದ ಲೆಕ್ಕದಿಂದ ಹೊಡೆಯಬೇಡಿ. ಕಾರ್ಖಾನೆಯಿಂದ ಕಾರ್ಖಾನೆಗೆ ಹೆಂಚಿನ ಅಳತೆ ಬೇರೆ. ಬಂದ ಹೆಂಚಿನಲ್ಲಿ ಹತ್ತನ್ನು ನೆಲದ ಮೇಲೆ ಒಂದರ ಮೇಲೊಂದು ಕಚ್ಚಿಸಿ ಜೋಡಿಸಿ ಅಳೆದು ಹತ್ತರಿಂದ ಭಾಗಿಸಿ. ಸಾಮಾನ್ಯವಾಗಿ ಹನ್ನೆರಡೂವರೆ ಇಂಚಿನ ಆಸುಪಾಸು ಬರುತ್ತದೆ. ಅರ್ಧ ಇಂಚು ತಪ್ಪಿದರೂ ಹೆಂಚಿನ ಕಚ್ಚು ಕೂರದೆ ಎರಚಲು ಒಳಗೆ ಬರುತ್ತದೆ. ಉತ್ತರದ ಇಳಿಜಾರಿನಲ್ಲಿ ಬೆಂಚಿನ ನೇರಕ್ಕೆ ಹತ್ತು ಗಾಜಿನ ಹೆಂಚು ಹಾಕಿಸಿ, ಹಗಲು ದೀಪದ ಗೋಜಿಲ್ಲ.

ಮಂಗಗಳ ಕಾಟವಿರುವ ಕಡೆ ಹೆಂಚು ನಿಲ್ಲುವುದಿಲ್ಲ ಎಂಬುದು ನಿಜವಾದ ಸಮಸ್ಯೆ. ಆಗ ರೀಪಿನ ಅಡಿಗೆ ಬಣ್ಣ ಲೇಪಿಸಿದ ತೆಳು ತಗಡು ಹಾಸಿ, ಮೇಲೆ ಹೆಂಚು ಹಾಕಿ: ಹೆಂಚು ಸರಿದರೂ ನೀರು ಒಳಗಿಳಿಯದು. ಬರೀ ತಗಡಿನ ಮಾಡು ಅಗ್ಗ, ಹತ್ತು ಡಿಗ್ರಿ ಇಳಿಜಾರೂ ಸಾಕು. ಆದರೆ ಏಪ್ರಿಲ್‌ನಲ್ಲಿ ಒಳಗೆ ನಿಲ್ಲಲಾಗದು, ಜುಲೈಯಲ್ಲಿ ಮಳೆಯ ಸದ್ದಿಗೆ ಯಂತ್ರದ ದನಿ ಬದಲಾದದ್ದು ಕಿವಿಗೆ ಬೀಳುವುದಿಲ್ಲ. ಗರಗಸ ಕಟ್ಟಿಕೊಳ್ಳುತ್ತಿದೆ ಎಂದು ಮೊದಲು ಹೇಳುವುದು ಆ ದನಿಯೇ.

ಗೋಡೆಯ ಹಲಗೆಗಳನ್ನು ನೆಟ್ಟಗೆ ನಿಲ್ಲಿಸಿ ಹೊಡೆಯಿರಿ, ನೀರು ಸರಾಗ ಇಳಿಯುತ್ತದೆ. ಬೇಸಿಗೆಗೂ ಮಳೆಗಾಲಕ್ಕೂ ನಡುವೆ ಆರಿಂಚಿನ ಹಲಗೆ ಮೂರು ನಾಲ್ಕು ಮಿ.ಮೀ. ಉಬ್ಬಿ ಕುಗ್ಗುತ್ತದೆ. ಎರಡೂ ಅಂಚಿಗೆ ಮೊಳೆ ಬಡಿದರೆ ನಡುವೆ ಸೀಳುತ್ತದೆ. ಪ್ರತಿ ಹಲಗೆಗೆ ನಡುವೆ ಮಾತ್ರ ಮೊಳೆ, ಹಲಗೆ ಹಲಗೆಯ ನಡುವೆ ಐದು ಮಿ.ಮೀ. ಸಂದು, ಸಂದಿನ ಮೇಲೆ ಎರಡಿಂಚಿನ ಪಟ್ಟಿ. ಪಟ್ಟಿಯ ಮೊಳೆ ಸಂದಿನ ಮೂಲಕ ಹಿಂದಿನ ಅಡ್ಡಪಟ್ಟಿಗೆ ಹೋಗಬೇಕು, ಹಲಗೆಗೆ ತಾಗಬಾರದು. ಕೆಳತುದಿಯನ್ನು ಹೊರಕ್ಕೆ ಚೂಪಾಗುವಂತೆ ಓರೆಯಾಗಿ ಕೊಯ್ದು, ಪಾಯದ ಮೇಲಿನ ಗೆದ್ದಲು ತಗಡಿನ ತನಕ ಇಳಿಬಿಡಿ. ತಗಡಿಗೆ ಮಾತ್ರ ತಾಗಿಸಬೇಡಿ, ಅರ್ಧ ಇಂಚು ಅಂತರವಿರಲಿ. ಗೋಡೆ ಮತ್ತು ಸೂರಿನ ನಡುವೆ ಗಾಳಿಗೆ ಆರಿಂಚು ಜಾಗ ಬಿಟ್ಟು ಅರ್ಧ ಇಂಚಿನ ಜಾಲರಿ ಹೊಡೆಸಿ, ಇಲಿ ಹಾವು ಬಾರದು.

ಲೇಪನಕ್ಕೆ: ಒಳಗಿನ ಪಕಾಸು, ರೀಪು, ಅಡ್ಡಪಟ್ಟಿಗಳಿಗೆ ಕುಟ್ಟೆ ಹುಳು ಹಿಡಿಯದಂತೆ ಬೋರಾಕ್ಸ್ 600 ಗ್ರಾಂ, ಬೋರಿಕ್ ಆಸಿಡ್ 400 ಗ್ರಾಂ, ಹತ್ತು ಲೀಟರ್ ಬಿಸಿನೀರಿನಲ್ಲಿ ಕರಗಿಸಿ ಎರಡು ಮೂರು ಸಲ ಹಚ್ಚಿ. ಇದು ಮಳೆಗೆ ತೊಳೆದು ಹೋಗುವುದರಿಂದ ಹೊರಗೆ ಪ್ರಯೋಜನವಿಲ್ಲ. ಹೊರಗೆ ಗೇರೆಣ್ಣೆ ಹಳೆಯ, ನಂಬಬಹುದಾದ ಉಪಾಯ. ಕೈಗವಸು, ಕನ್ನಡಕ ಬೇಕೇ ಬೇಕು, ಚರ್ಮ ಸುಡುತ್ತದೆ. ಗ್ಯಾರೇಜಿನ ಹಳೆ ಎಂಜಿನ್ ಆಯಿಲ್ ಹಚ್ಚುವ ರೂಢಿ ಬಿಡಿ: ಬೆಂಕಿಗೆ ಸದರ, ಮಳೆಯಲ್ಲಿ ಇಳಿದು ಮಣ್ಣು ಕೆಡಿಸುತ್ತದೆ, ಹಚ್ಚಿದ ಮೇಲೆ ಬೇರೆ ಯಾವ ಬಣ್ಣವೂ ಕೂರದು.

ನಡುವಿನ ದೊಡ್ಡ ಬಾಗಿಲು ಎರಡೆರಡು ಅಡಿಯ ನಾಲ್ಕು ಮಡಿಕೆಯದು, ಏಳಡಿ ಎತ್ತರ. ನಾಲ್ಕಡಿಯ ಎರಡು ರೆಕ್ಕೆ ಮಾಡಿದರೆ ಕಾರು ನಿಂತಾಗ ತೆರೆಯಲಾಗದು. ರೆಕ್ಕೆಯ ಹಿಂದಿನ ಓರೆಪಟ್ಟಿ ಕೀಲಿನ ಬದಿಯ ಕೆಳಮೂಲೆಯಿಂದ ಶುರುವಾಗಿ ಎದುರು ಬದಿಯ ಮೇಲ್ಮೂಲೆಗೆ ಹೋಗಬೇಕು. ತಿರುಗಿಸಿ ಹೊಡೆದರೆ ಎರಡು ಮಳೆಗಾಲದಲ್ಲಿ ಬಾಗಿಲು ನೆಲಕ್ಕೆ ತಾಗುತ್ತದೆ. ದಿನದ ಓಡಾಟಕ್ಕೆ ಪಕ್ಕದ ಗೋಡೆಯಲ್ಲಿ ಮೂರಡಿಯ ಇನ್ನೊಂದು ಬಾಗಿಲು ಹೊರಕ್ಕೆ ತೆರೆಯುವಂತೆ ಇರಲಿ. ಬೆಂಕಿ ಬಿದ್ದರೆ ಹೊರಬರುವ ದಾರಿಯೂ ಅದೇ. ಅದರ ಪಕ್ಕದಲ್ಲಿ 6 ಕೆ.ಜಿ. ಒಣಪುಡಿಯ ಅಗ್ನಿಶಾಮಕ ತೂಗುಹಾಕಿ. ಅಗಸೆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ, ತನ್ನಷ್ಟಕ್ಕೆ ಕಾದು ಹೊತ್ತಿಕೊಳ್ಳುತ್ತದೆ. ಹೊರಗೆ ತಂತಿಗೆ ಹರಡಿ ಒಣಗಿಸಿ.

ಕರೆಂಟಿಗೆ ಮನೆಯ ಮೀಟರಿನಿಂದ ಪ್ರತ್ಯೇಕ ಲೈನು. 30 ಮೀಟರ್ ದೂರದವರೆಗೆ 4 ಚದರ ಮಿ.ಮೀ. ತಾಮ್ರದ ಕೇಬಲ್, ನೆಲದಡಿ ಎರಡೂವರೆ ಅಡಿ ಆಳದಲ್ಲಿ. 2.5 ಎಂಎಂ ಹಾಕಿ ಉಳಿಸಲು ಹೋದರೆ ಮೋಟಾರು ಶುರುವಾಗುವಾಗ ವೋಲ್ಟೇಜ್ ಬೀಳುತ್ತದೆ. ಹಳ್ಳಿಯ ಲೈನಿನಲ್ಲಿ ಮೊದಲೇ ಕಡಿಮೆ ಇರುವಾಗ ಮೋಟಾರು ಕಾದು ಒಳಗಿನ ತಂತಿಯ ಸುತ್ತು ಸುಡುತ್ತದೆ. ಶೆಡ್ಡಿನ ಒಳಗೆ 30 ಮಿಲಿಆಂಪ್ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಕಡಿಯುವ ಸ್ವಿಚ್ಚು), ಗರಗಸಕ್ಕೆ ಸಿ ಕರ್ವ್ 16 ಆಂಪ್ ಎಂಸಿಬಿ (ಹೊರೆ ಹೆಚ್ಚಾದರೆ ಕಡಿಯುವುದು), ಶೆಡ್ಡಿಗೆ ತನ್ನದೇ ಅರ್ಥಿಂಗ್ ಗುಂಡಿ. ಏಪ್ರಿಲ್, ಮೇ ತಿಂಗಳ ಗುಡುಗಿನ ಸಂಜೆಗಳಲ್ಲಿ ಪ್ಲಗ್ ಕಿತ್ತಿಡುವುದೇ ಭದ್ರ.

ಶುರು ಮಾಡುವುದು ನವೆಂಬರ್‌ನಲ್ಲಿ. ಅದೇ ತಿಂಗಳು ಮರ ಕಡಿಸಿ ಸೀಳಿಸಿ, ನೆರಳಿನಲ್ಲಿ ಎರಡೆರಡು ಅಡಿಗೆ ಒಂದಿಂಚಿನ ಪಟ್ಟಿ ಕೊಟ್ಟು ಅಟ್ಟಿ ಹಾಕಿ, ತುದಿಗಳಿಗೆ ಬಣ್ಣ ಬಳಿಯಿರಿ. ಮುಕ್ಕಾಲು ಇಂಚಿನ ಹಲಗೆ ಏಪ್ರಿಲ್ ಹೊತ್ತಿಗೆ ಒಣಗಿರುತ್ತದೆ; ನಾಲ್ಕಿಂಚಿನ ಕಂಬ ಒಣಗಲು ವರ್ಷಗಳೇ ಬೇಕು, ಅದನ್ನು ಅರೆಹಸಿಯಾಗಿಯೇ ನಿಲ್ಲಿಸಬೇಕಾಗುತ್ತದೆ. ಡಿಸೆಂಬರ್, ಜನವರಿಯಲ್ಲಿ ಪಾಯ, ಫೆಬ್ರುವರಿ ಮಾರ್ಚ್‌ನಲ್ಲಿ ಚೌಕಟ್ಟು, ಏಪ್ರಿಲ್ ಮಧ್ಯದೊಳಗೆ ಹೆಂಚು. ಮಾಡು ಮುಗಿದ ಮೇಲೆ ಗೋಡೆ ನಿಧಾನಕ್ಕೆ ಆಗಲಿ, ಮಳೆಯಲ್ಲಿಯೂ ಒಳಗಿಂದ ಮಾಡಬಹುದು.

ಕಂಬ ಅರೆಹಸಿಯಾಗಿ ನಿಂತಿರುವುದರಿಂದ ಮೊದಲ ಬೇಸಿಗೆ ಕಳೆದ ಮೇಲೆ ಎಲ್ಲ ನಟ್ಟುಗಳೂ ಸಡಿಲವಾಗಿರುತ್ತವೆ. ಮೇ ಕೊನೆಗೆ ಸ್ಪ್ಯಾನರ್ ಹಿಡಿದು ಪ್ರತಿಯೊಂದನ್ನೂ ಬಿಗಿಸಿ, ಮರುವರ್ಷ ಇನ್ನೊಮ್ಮೆ. ಮೇ ಮತ್ತು ಅಕ್ಟೋಬರ್‌ನಲ್ಲಿ ಟಾರ್ಚು ಹಿಡಿದು ತಗಡಿನ ಅಂಚನ್ನು ಸುತ್ತಲೂ ನೋಡಿ. ಗೋಡೆಗೆ ಒರಗಿಸಿ ಮರ, ಸೌದೆ, ಗರಗಸದ ಪುಡಿಯ ಚೀಲ ಏನನ್ನೂ ಇಡಬೇಡಿ, ಅದರ ಮರೆಯಲ್ಲೇ ಸುರಂಗ ಏರುವುದು. ಸುರಂಗ ಕಂಡರೆ ಒರೆಸಿ ಸುಮ್ಮನಾಗದೆ, ಅದು ಎಲ್ಲಿಂದ ಹೊರಟಿದೆ ಎಂದು ಮಣ್ಣಿನ ತನಕ ಹಿಡಿದು ಹೋಗಿ. ಬಾವಿಯ ಅಡ್ಡಿ ಇಲ್ಲದಿದ್ದರೆ ಆ ಜಾಗದ ಎರಡೂ ಬದಿಗೆ ಪಾಯಕ್ಕೆ ತಾಗಿದಂತೆ ಆರಾರು ಇಂಚಿಗೆ ಒಂದಡಿ ಆಳದ ತೂತು ಹೊಡೆದು ಮೇಲೆ ಹೇಳಿದ ದ್ರಾವಣವನ್ನೇ ನಿಧಾನವಾಗಿ ಇಂಗಿಸಿ, ಮಣ್ಣು ಮುಚ್ಚಿ.